ಮೇಲಿನ ಮನೆ ಖಾಲಿ ಇದೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಬಾಡಿಗೆಗೆ ಕೊಟ್ಟು ನೋಡು ಎಂದು ಯಾಕೆ ಹೇಳಲಿಲ್ಲವೋ ಕಾಣೆ. ಜಿ.ಪಿ.ಎಫ್. ಸಾಲ, ಬ್ಯಾಂಕಿನ ಸಾಲ, ಹೆಂಡತಿಯ ಎರಡು ಬಳೆ ಎಲ್ಲ ಸೇರಿಸಿ ಮೈಸೂರಿನ ನಮ್ಮ ಮನೆಯ ಮೇಲೆ ಇನ್ನೊಂದು ಮನೆ ಎಬ್ಬಿಸಿದೆ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದ ರಟ್ಟು ಕಟ್ಟಿ ಒಳಗೆ ಬರುವಷ್ಟರಲ್ಲಿ ಬ್ರೋಕರ್ ಒಬ್ಬ ಸ್ಕೂಟರ್ ನಿಲ್ಲಿಸಿದ್ದ.

“ಸಾರ್, ಎಂಥವರು ಬೇಕು ಹೇಳಿಬಿಡಿ. ವೆಜ್ಜಾ, ನಾನ್‌ವೆಜ್ಜಾ? ಬ್ಯಾಚುಲರ್ಸ್ ಆಗುತ್ತಾ? ಯಾವ ಪೈಕಿ ಆಗಬೇಕು?”

ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಮನುಷ್ಯರನ್ನು ಆರಿಸುವ ಅಧಿಕಾರ ನನಗೂ ಬಂದಿತ್ತು. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಹಿತವಾಗಿಯೇ ಇತ್ತು.

ಈ ‘ಪೈಕಿ’ ಎಂಬ ಮಾತು ನನಗೆ ಹೊಸದಲ್ಲ. 1996ರಲ್ಲಿ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರಕ್ಕೆ ವರ್ಗವಾಗಿ ಹೋದಾಗ ಮನೆ ಹುಡುಕಿದ್ದೆ. ಕೆಲವರು ಬಾಗಿಲಲ್ಲೇ ಕೇಳುತ್ತಿದ್ದರು, ಸಭ್ಯರು ಕಾಫಿ ಕೊಟ್ಟ ಮೇಲೆ ಕೇಳುತ್ತಿದ್ದರು. ನಾವು ಕೋಳಿ, ಕುರಿ ತಿನ್ನುವ ಜನ. ಹಾಗೆಂದ ಕೂಡಲೇ ಖಾಲಿ ಇದ್ದ ಮನೆಗೆ ಊರಿನಿಂದ ಅವರ ತಮ್ಮ ಬರುವವನಿರುತ್ತಿದ್ದ. ಏಳು ಮನೆ ಸುತ್ತಿದ ಮೇಲೆ ಎಂಟನೆಯ ಮನೆಯ ಅಜ್ಜಿ, “ಹೊರಗೆ ಏನಾದರೂ ತಿಂದುಕೋ ಮಾರಾಯ, ನಮ್ಮ ವಠಾರದಲ್ಲಿ ಮಾತ್ರ ಬೇಯಿಸಬೇಡ” ಎಂದು ಬೀಗದಕೈ ಕೊಟ್ಟರು.

ಆಗ ನನ್ನಾಕೆ ಬಸುರಿ. ದಿನಕ್ಕೊಂದು ಮೊಟ್ಟೆ ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಕಿಟಕಿ ಮುಚ್ಚಿ, ಊದುಬತ್ತಿ ಹಚ್ಚಿ ಮೊಟ್ಟೆ ಬೇಯಿಸುತ್ತಿದ್ದೆವು. ಓಡನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಕಾಗದದಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟು ಶಾಲೆಗೆ ಒಯ್ಯುತ್ತಿದ್ದೆ. ಅಲ್ಲಿ ಓಡಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಸುರಿದು, ಬಂದ ಅನಿಲವನ್ನು ಸುಣ್ಣದ ತಿಳಿನೀರಿಗೆ ಹಾಯಿಸಿ, ನೀರು ಹಾಲಿನಂತಾಗುವುದನ್ನು ಮಕ್ಕಳಿಗೆ ತೋರಿಸುತ್ತಿದ್ದೆ. ಆ ವರ್ಷ ನಮ್ಮ ಶಾಲೆಯ ಮಕ್ಕಳು ಇಂಗಾಲದ ಡೈ ಆಕ್ಸೈಡ್ ಪ್ರಯೋಗವನ್ನು ನೋಡಿದಷ್ಟು ಸಲ ಇಡೀ ಜಿಲ್ಲೆಯಲ್ಲಿ ಯಾರೂ ನೋಡಿರಲಾರರು.

ಈಗ ನಗು ಬರುತ್ತದೆ. ಆಗ ಬೆಳಿಗ್ಗೆ ಅಜ್ಜಿಯ ಎದುರು ಚೀಲ ಹಿಡಿದು ನಡೆಯುವಾಗ ಕಳ್ಳನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಂಥ ನಾನು ಬ್ರೋಕರನಿಗೆ, “ಯಾರಾದರೂ ಸರಿಯಪ್ಪ, ಫ್ಯಾಮಿಲಿ ಆದರೆ ಸಾಕು” ಎಂದು ಬಹಳ ಉದಾರವಾಗಿ ಹೇಳಿ ಕಳುಹಿಸಿದೆ.

ಭಾನುವಾರ ಒಬ್ಬರು ಬಂದರು. ಸರ್ಕಾರಿ ನೌಕರಿ, ಹೆಂಡತಿ, ಆರು ವರ್ಷದ ಮಗಳು. ಅವರ ಇಲಾಖೆ, ಊರು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಕಾರಣ ಮುಂದೆ ತಿಳಿಯುತ್ತದೆ. ಮನೆ ಒಪ್ಪಿಗೆಯಾಯಿತು. ಬಾಡಿಗೆಗೂ ಚೌಕಾಸಿ ಮಾಡಲಿಲ್ಲ. ಆಧಾರ್ ಪ್ರತಿ, ಸಂಬಳದ ಚೀಟಿ ಕೇಳುವ ಮೊದಲೇ ಮುಂದಿಟ್ಟರು. ಇಷ್ಟಾದ ಮೇಲೆ ಕೇಳಲು ಏನೂ ಉಳಿದಿರಲಿಲ್ಲ. ಆದರೂ ನನ್ನ ಬಾಯಿ ಕೇಳಿತು: “ಊರಲ್ಲಿ ನಿಮ್ಮ ಮನೆ ಯಾವ ಬೀದಿ?”

ಹಳ್ಳಿಯಲ್ಲಿ ಹುಟ್ಟಿದವರಿಗೆ ಈ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆತ ಮುಗುಳ್ನಕ್ಕು, “ನೇರವಾಗೇ ಕೇಳಿ ಸಾರ್. ನಾವು ಎಸ್ಸಿ” ಎಂದರು.

“ಛೆ ಛೆ, ಅದಕ್ಕಲ್ಲ” ಎಂದೆ. ಆಮೇಲೆ, “ಮನೆಯವರನ್ನೊಂದು ಮಾತು ಕೇಳಿ ಫೋನ್ ಮಾಡ್ತೀನಿ” ಎಂದೆ.

ಅವರು ಹೋದ ಮೇಲೆ ನನ್ನಾಕೆ ಅಡುಗೆಮನೆಯಿಂದ ಬಂದಳು. “ನನ್ನ ಹೆಸರು ಯಾಕೆ ಹೇಳಿದಿರಿ? ನನ್ನನ್ನು ನೀವು ಕೇಳಲೇ ಇಲ್ಲವಲ್ಲ” ಎಂದಳು. ನಾನು ಪೇಪರ್ ಓದುವವನಂತೆ ಕೂತೆ. ಸೋಮವಾರ ಫೋನ್ ಮಾಡಲಿಲ್ಲ. ಮಂಗಳವಾರವೂ ಮಾಡಲಿಲ್ಲ. ಯಾಕೆ ಎಂದು ನನ್ನನ್ನೇ ಕೇಳಿಕೊಂಡರೆ ಎದುರುಮನೆಯವರು, ಊರಿಂದ ಬರುವ ಅತ್ತಿಗೆ ಎಂದು ಬೇರೆಯವರ ಮುಖಗಳೇ ಕಾಣುತ್ತಿದ್ದವು.

ಮಂಗಳವಾರ ಸಂಜೆ ವಾಕಿಂಗಿನಲ್ಲಿ ನನ್ನ ಹಾಸ್ಟೆಲ್ ಕಾಲದ ಗೆಳೆಯನಿಗೆ ವಿಷಯ ಹೇಳಿದೆ. ಅವನು ವಕೀಲ. “ನನ್ನ ಮನೆ, ನನ್ನ ಇಷ್ಟ, ಅಲ್ಲವೇನೋ?” ಎಂದೆ.

“ಅರ್ಧ ನಿಜ” ಎಂದ. ಸಂವಿಧಾನದ 15ನೇ ವಿಧಿಯ ಮೊದಲ ಭಾಗ ತಾರತಮ್ಯ ಮಾಡಬಾರದೆಂದು ಹೇಳುವುದು ಸರ್ಕಾರಕ್ಕೆ. ಎರಡನೆಯ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳ ಮಾತಾಡುತ್ತದೆ, ಬಾಡಿಗೆ ಮನೆ ಅಲ್ಲಿಲ್ಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆಯ ಚಿಂತೆಯೆಲ್ಲ ಒಳಗೆ ಬಂದವರನ್ನು ಹೇಗೆ ಬಿಡಿಸುವುದು, ಹೇಗೆ ಕಾಪಾಡುವುದು ಎಂಬುದರದು. ಮೊಟ್ಟೆ ತಿನ್ನುವವರಿಗೆ ಕೊಡುವುದಿಲ್ಲ ಎಂದ ನನ್ನ ಅಜ್ಜಿಯನ್ನು ಯಾವ ಕೋರ್ಟಿಗೂ ಎಳೆಯಲಾಗುತ್ತಿರಲಿಲ್ಲ. ಅಹಮದಾಬಾದಿನ ಪಾರ್ಸಿಗಳ ಒಂದು ಗೃಹ ಸಹಕಾರ ಸಂಘ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂದಾಗ, ಅದು ತಪ್ಪಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

“ಉಳಿದರ್ಧ?”

“ಅದರಲ್ಲಿ ನೀನಿದ್ದೀಯ” ಎಂದ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಂತೆ. ಮೊದಲು ಅದರ ಹೆಸರೇ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ, 1976ರಲ್ಲಿ ಹೆಸರು ಬದಲಾಯಿತು. ಯಾವುದೇ ಬಡಾವಣೆಯಲ್ಲಿ ಒಬ್ಬ ಮನೆ ಕಟ್ಟುವುದಕ್ಕಾಗಲಿ, ಪಡೆಯುವುದಕ್ಕಾಗಲಿ, ವಾಸ ಮಾಡುವುದಕ್ಕಾಗಲಿ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅದರ 4ನೇ ಸೆಕ್ಷನ್ ಪ್ರಕಾರ ಅಪರಾಧ. ಕನಿಷ್ಠ 1 ತಿಂಗಳು, ಹೆಚ್ಚೆಂದರೆ 6 ತಿಂಗಳು ಸಜೆ, ಜೊತೆಗೆ 100ರಿಂದ 500 ರೂಪಾಯಿ ದಂಡ. ತೊಂದರೆಗೊಳಗಾದವನು ಪರಿಶಿಷ್ಟ ಜಾತಿಯವನಾಗಿದ್ದರೆ ಕಾರಣ ಅಸ್ಪೃಶ್ಯತೆಯೇ ಎಂದು ಕೋರ್ಟು ಮೊದಲೇ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಈಚೆಗೆ ಎಚ್‌ಐವಿ ಇರುವವರಿಗೆ 2017ರ ಕಾಯ್ದೆ, ತೃತೀಯ ಲಿಂಗಿಗಳಿಗೆ 2019ರ ಕಾಯ್ದೆ ಬಾಡಿಗೆ ಮನೆಯ ಹೆಸರೆತ್ತಿಯೇ ರಕ್ಷಣೆ ಕೊಟ್ಟಿವೆ ಎಂದೂ ಸೇರಿಸಿದ.

ಮೂವತ್ತು ವರ್ಷ ಪಾಠ ಮಾಡಿದ ಮೇಷ್ಟ್ರಿಗೆ ಆರು ತಿಂಗಳು! ನನ್ನ ಮುಖ ನೋಡಿ ಗೆಳೆಯ ನಕ್ಕ.

“ಹೆದರಬೇಡ. ಕೊಡುವುದಿಲ್ಲ ಎಂದೆಯಾ? ಇಲ್ಲ. ಫೋನ್ ಮಾಡ್ತೀನಿ ಎಂದೆ. ಫೋನ್ ಮಾಡದೇ ಇರುವುದಕ್ಕೆ ಯಾರು ಕೇಸು ಹಾಕುತ್ತಾರೆ? ಎಲ್ಲರೂ ಹೀಗೇ ತಪ್ಪಿಸಿಕೊಳ್ಳುವುದು.”

ಅವನ ಸಮಾಧಾನ ಸಜೆಗಿಂತ ಕಹಿಯಾಗಿತ್ತು. ಊರಿಂದ ಬರುವ ತಮ್ಮನ ನೆನಪಾಯಿತು.

ಬುಧವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಫೋನ್ ಮಾಡಿ, ಮನೆ ನಿಮಗೇ, ತಡವಾದದ್ದು ನನ್ನ ತಪ್ಪು, ಮನೆಯವರದ್ದಲ್ಲ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

“ಥ್ಯಾಂಕ್ಸ್ ಸಾರ್. ನಿನ್ನೆ ಬೇರೆ ಕಡೆ ಅಡ್ವಾನ್ಸ್ ಕೊಟ್ಟುಬಿಟ್ಟೆ.”

“ಅಲ್ಲಿ ಏನೂ ಕೇಳಲಿಲ್ಲವಾ?” ಎಂದೆ. ಕೇಳಬಾರದಿತ್ತು.

“ಕೇಳಿದರು ಸಾರ್. ಈ ಸಲ ನಾವೇ ಬೇರೆ ಹೆಸರು ಹೇಳಿದೆವು. ಮಗಳಿಗೊಂದು ಹೇಳಿಕೊಡಬೇಕು. ಚಿಕ್ಕವಳು, ಯಾರು ಕೇಳಿದರೂ ನಿಜ ಹೇಳಿಬಿಡುತ್ತಾಳೆ.”

ನನ್ನ ಮೊಟ್ಟೆ ಓಡಿನ ಕತೆ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ನಾನು ಚೀಲದಲ್ಲಿ ಬಚ್ಚಿಟ್ಟದ್ದು ಓಡು ಮಾತ್ರ.

ಸಂಜೆ ಬ್ರೋಕರನ ಸ್ಕೂಟರ್ ಮತ್ತೆ ಬಂತು. “ಪೈಕಿಗೀಕಿ ಏನೂ ಕೇಳಬೇಡ, ತಿನ್ನೋದು ಉಣ್ಣೋದೂ ಕೇಳಬೇಡ. ತಿಂಗಳು ತಿಂಗಳು ಬಾಡಿಗೆ ಕೊಡುವವರನ್ನು ಕರೆದುಕೊಂಡು ಬಾ” ಎಂದೆ.

ಅವನು ಸ್ಕೂಟರಿನಿಂದ ಇಳಿಯದೆ ಮೇಲಿನ ಮನೆಯತ್ತ ಒಮ್ಮೆ ನೋಡಿದ. ನನ್ನನ್ನೊಮ್ಮೆ ನೋಡಿದ. ದನಿ ತಗ್ಗಿಸಿ ಕೇಳಿದ:

“ಯಾಕೆ ಸಾರ್, ಮನೆಯಲ್ಲಿ ಏನಾದರೂ ದೋಷ ಇದೆಯಾ?”