ಕ್ರಿಯಾಪದ ನುಂಗಿದ ಬಟನ್

ಇಂಗ್ಲಿಷಿನ ‘ಸಬ್‌ಮಿಟ್’ ಅನ್ನೋ ಒಂದು ಪದಕ್ಕೆ ನಾವು ‘ಅರ್ಜಿಯನ್ನು ಸಲ್ಲಿಸಿ’ ಅಂತ ಬರೀತೀವಿ. ‘ಕ್ಯಾನ್ಸಲ್’ ಅನ್ನೋದಕ್ಕೆ ‘ಅರ್ಜಿಯನ್ನು ರದ್ದುಪಡಿಸಿ’. ಅನುವಾದ ಸರಿಯಾಗೇ ಇದೆ. ಆದರೆ ಅದು ಕೂರಬೇಕಾದ ಬಟನ್ನಿನ ಅಳತೆ ತೆಗೆದದ್ದು ಇಂಗ್ಲಿಷಿಗೆ.

ಹೋದ ವರ್ಷ ನಮ್ಮ ಕೈಗೆ ಅಂಥದೇ ಒಂದು ಆ್ಯಪ್ ಬಂತು. ರೈತರು ಫೋನಿನಲ್ಲೇ ಅರ್ಜಿ ಹಾಕುವಂಥದು. ಡಿಸೈನೆಲ್ಲ ಫಿಗ್ಮಾದಲ್ಲಿತ್ತು. ಪಕ್ಕಪಕ್ಕ ಎರಡು ಬಟನ್, ಒಂದೊಂದರ ಅಗಲ 96 ಪಿಕ್ಸೆಲ್. ಎಡಕ್ಕೆ 12, ಬಲಕ್ಕೆ 12 ಬಿಟ್ಟರೆ ಅಕ್ಷರಕ್ಕೆ ಉಳಿಯೋದು 72. ಕನ್ನಡ ತುಂಬಿದ ಕೂಡಲೇ ಎರಡೂ ಬಟನ್ ಮೇಲೆ ಒಂದೇ ಬರಹ: ‘ಅರ್ಜಿಯನ್ನು…’

ಟೀಮಿನಲ್ಲಿ ಕನ್ನಡ ಬಾರದವರಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. ಮೂರು ಚುಕ್ಕಿ ಇದೆಯಲ್ಲ, ಜನ ಅರ್ಥ ಮಾಡ್ಕೋತಾರೆ ಅಂದರು. ಇಂಗ್ಲಿಷಿನಲ್ಲಾದರೆ ಮಾಡ್ಕೋಬಹುದು. ಅಲ್ಲಿ ಆಜ್ಞೆ ಕೊಡುವಾಗ ಕ್ರಿಯಾಪದ ಮೊದಲು ಬರುತ್ತೆ, ಬಾಲ ಕತ್ತರಿಸಿದರೂ ಕೆಲಸ ಏನೂಂತ ಗೊತ್ತಾಗುತ್ತೆ. ಕನ್ನಡದಲ್ಲಿ ಕ್ರಿಯಾಪದ ಇರೋದೇ ಬಾಲದಲ್ಲಿ. ಮೂರು ಚುಕ್ಕಿ ನುಂಗೋದು ಅದನ್ನೇ.

ಪರೀಕ್ಷೆಗೆ ಅಂತ ಮ್ಯಾನೇಜರನ್ನ ಕೇಳಿ ಆ ಆವೃತ್ತಿಯನ್ನ ಊರಿನಲ್ಲಿರೋ ಚಿಕ್ಕಪ್ಪನಿಗೆ ಕಳಿಸಿದೆ. ಏಳನೇ ಕ್ಲಾಸು ಓದಿದ್ದಾರೆ, ಪೇಪರನ್ನ ಒಂದಕ್ಷರ ಬಿಡದೆ ಓದ್ತಾರೆ. ಅರ್ಧ ಗಂಟೆಗೆ ಫೋನ್ ಬಂತು. “ಮಗಾ, ಎರಡ್ರಲ್ಲೂ ಅರ್ಜಿ ಅಂತಾನೇ ಐತಲ್ಲೋ, ಯಾವುದ್ನ ಒತ್ಲಿ?” ಸ್ವಲ್ಪ ತಡೆದು, “ನಂಗೇ ಓದೋಕೆ ಬರ್ತಿಲ್ವೇನೋ” ಅಂದರು. ನನಗೆ ಹೊಟ್ಟೆ ಉರೀತು. ಓದು ಬರೋ ಮನುಷ್ಯನಿಗೆ ತನಗೇ ಬರಲ್ಲ ಅನ್ನಿಸೋ ಹಾಗೆ ಮಾಡಿತ್ತು ಆ 72 ಪಿಕ್ಸೆಲ್.

ರಿಪೇರಿ ಏನು ಮಹಾ ಕಷ್ಟದ್ದಲ್ಲ. ಸಾಮಾನ್ಯವಾಗಿ ಜನ ಮಾಡೋದು ಬಟನ್ನಿನ ಮೂಲೆ ಹಿಡಿದು ಎಳೆಯೋದು. ಆಗ ಡಬ್ಬಿ ದೊಡ್ಡದಾಗುತ್ತೆ, ಬರಹ ಮಾತ್ರ ಎಡಮೂಲೆಯಲ್ಲೇ ಅಂಟಿಕೊಂಡಿರುತ್ತೆ. ಯಾಕಂದ್ರೆ ಅದರ ಕನ್‌ಸ್ಟ್ರೇಂಟ್ ಎಡಕ್ಕೆ, ಮೇಲಕ್ಕೆ ಅಂತ ಇರುತ್ತೆ. ಸ್ಕೇಲ್ ಟೂಲಿನಲ್ಲಿ ಎಳೆದರೆ ಅಕ್ಷರವೂ ಊದಿಕೊಳ್ಳುತ್ತೆ.

ನಾನು ಮಾಡಿದ್ದು ಇಷ್ಟು. ಬರಹದ ಅಗಲವನ್ನ ‘ಆಟೋ ವಿಡ್ತ್’ ಮಾಡಿದೆ. ಬಟನ್‌ಗೆ ಆಟೋ ಲೇಔಟ್ ಹಾಕಿ, ಅಗಲ ಎತ್ತರ ಎರಡನ್ನೂ ‘ಹಗ್ ಕಂಟೆಂಟ್ಸ್’ಗೆ ಇಟ್ಟೆ. ಅಂದ್ರೆ ಒಳಗಿನ ಮಾತು ಎಷ್ಟೋ, ಬಟನ್ ಅಷ್ಟು. ‘ಸರಿ’ಯಂಥ ಪುಟ್ಟ ಪದ ಬಂದಾಗ ಕುಗ್ಗಿಹೋಗದಿರಲಿ ಅಂತ ಕನಿಷ್ಠ ಅಗಲ 96 ಕೊಟ್ಟೆ. ಎರಡೂ ಬಟನ್ ಇರೋ ಸಾಲು ಪರದೆಯ ಅಗಲಕ್ಕೆ ಹಿಗ್ಗಲಿ ಅಂತ ‘ಫಿಲ್ ಕಂಟೇನರ್’, ಜಾಗ ಸಾಲದಿದ್ದರೆ ಎರಡನೇದು ಕೆಳಗಿಳಿಯಲಿ ಅಂತ ‘ರ‍್ಯಾಪ್’. ಲೈನ್ ಹೈಟನ್ನೂ ಹೆಚ್ಚಿಸಿದೆ. ಇಂಗ್ಲಿಷಿಗೆ ಅಂತ ಬಿಗಿ ಮಾಡಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನ ತುಳಿಯುತ್ತೆ.

ನಮ್ಮೂರ ಟೈಲರ್ ಹತ್ರ ಸ್ಕೂಲ್ ಯೂನಿಫಾರ್ಮ್ ಹೊಲಿಸೋವಾಗ ಅಮ್ಮ ಯಾವಾಗಲೂ, “ಬೆಳೆಯೋ ಹುಡುಗ, ಒಳಗೆ ಬಟ್ಟೆ ಬಿಟ್ಟು ಹೊಲೀರಿ” ಅಂತಿದ್ಲು. ವರ್ಷ ಕಳೆದ ಮೇಲೆ ಮಡಿಕೆ ಬಿಚ್ಚಿದರೆ ಅದೇ ಚಡ್ಡಿ ಮತ್ತೆ ಸರಿಹೋಗೋದು. ಬಿಇಯಲ್ಲಿ ಇದನ್ನ ಯಾರೂ ಹೇಳಿಕೊಡಲಿಲ್ಲ, ಆದರೆ ಆಟೋ ಲೇಔಟ್ ಅಂದ್ರೆ ಇದೇ.

ಬಟನ್‌ಗಳು ಒಂದರ ಕೆಳಗೊಂದು ಬಂದಾಗ ಅಂದ ಕೆಟ್ಟಿತು ಅಂತ ಗೊಣಗಾಟ ಆಯ್ತು. ಕೆಡಲಿ ಬಿಡಿ. ಅರ್ಜಿ ಸಲ್ಲಿಸೋಕೆ ಹೋದವನು ರದ್ದು ಮಾಡಿಕೊಂಡು ಬರೋದಕ್ಕಿಂತ ವಾಸಿ.

ನೀವೂ ಇಂಥ ಕೆಲಸದಲ್ಲಿದ್ದರೆ ಒಂದು ಮಾಡಿ. ಡಿಸೈನಿನಲ್ಲಿ ‘ಲೋರೆಮ್ ಇಪ್ಸಮ್’ ತುಂಬೋ ಬದಲು ಮೊದಲೇ ‘ಅರ್ಜಿಯನ್ನು ರದ್ದುಪಡಿಸಿ’ ಅಂತ ಹಾಕಿ, ಹಿಗ್ಗಿಸಿ ಕುಗ್ಗಿಸಿ ನೋಡಿ. ಅದು ಹಿಡಿಸಿದರೆ ‘ಕ್ಯಾನ್ಸಲ್’ ಹೇಗೂ ಹಿಡಿಸುತ್ತೆ.