ಯಾರ ಸಾವಿಗೂ ಅಲ್ಲ, ಸುಮ್ನೆ



ಇಲ್ಲಿ ನಾನು ಸಾಮಾನ್ಯವಾಗಿ ಬರೆಯೋದು ಸ್ಮಶಾನದ ಜಾಗ, ಪಿಟಿಸಿಎಲ್ ಜಮೀನು, ಹಾಸ್ಟೆಲ್ ಊಟ, ಅಟ್ರಾಸಿಟಿ ಕೇಸು ಇಂಥವುಗಳ ಬಗ್ಗೆ. ಇವತ್ತು ಬೇರೆ ವಿಷಯ. ಮೊನ್ನೆ ಗುಂಡ್ಲುಪೇಟೆ ಕಾರ್ಯಕ್ರಮದಲ್ಲಿ ನಾನು ಗಿಟಾರ್ ತಗಲಾಕ್ಕೊಂಡು ನಿಂತಿದ್ದ ಫೋಟೊ ಓಡಾಡಿದ ಮೇಲೆ ಇನ್‌ಬಾಕ್ಸಿಗೆ ಮೂರು ಥರದ ಮೆಸೇಜ್ ಬಂದಿವೆ. ಒಂದು: "ಅಣ್ಣ, ಇದನ್ನ ಯಾವಾಗ ಕಲಿತ್ರಿ?" ಎರಡು: "ನಾಲ್ಕೇ ತಂತಿ ಇದಾವಲ್ಲ, ಇನ್ನೆರಡು ಕಿತ್ತೋಗಿದಾವಾ?" ಮೂರನೆಯದು ಹಿರಿಯ ಸಂಗಾತಿಯೊಬ್ಬರದು: "ಸಂವಿಧಾನಕ್ಕೇ ಕುತ್ತು ಬಂದಿರುವಾಗ ಇದೇನಪ್ಪಾ ನಿನ್ನ ಹುಚ್ಚು?"

ಮೂರಕ್ಕೂ ಸೇರಿಸಿ ಉತ್ತರ ಬರೀತಿದ್ದೀನಿ. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಎರಡನೆಯದು ಸುಲಭ, ಅದನ್ನ ಮೊದಲು ಮುಗಿಸ್ತೀನಿ. ಕಿತ್ತೋಗಿಲ್ಲ ಕಣ್ರಪ್ಪಾ, ಇರೋದೇ ನಾಲ್ಕು. ಇದು ಬೇಸ್ ಗಿಟಾರ್. ಮಾಮೂಲಿ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ 82 ಸಲ ನಡುಗಿದರೆ, ಇದರ ದಪ್ಪ ತಂತಿ 41 ಸಲ ನಡುಗುತ್ತೆ. ಅಂದ್ರೆ ಒಂದು ಸ್ಥಾಯಿ ಕೆಳಗಿನ ದನಿ. ಇದರಲ್ಲಿ ಹಾಡಿನ ರಾಗ ನುಡಿಸಲ್ಲ. ತಮಟೆಯ ಏಟಿನ ಜೊತೆ ಕೂತ್ಕೊಂಡು ಹಾಡಿಗೆ ಪಾಯ ಹಾಕೋದು ಇದರ ಕೆಲಸ. ಮನೆ ನೋಡೋಕೆ ಬಂದೋರು ಬಣ್ಣ ನೋಡ್ತಾರೆ, ಬಾಗಿಲು ನೋಡ್ತಾರೆ. ಪಾಯ ಎಲ್ಲಿ ತೋರ್ಸು ಅಂತ ಯಾರೂ ಕೇಳಲ್ಲ.

ಇಂಥ ದನಿ ನಮಗೆ ಹೊಸದೂ ಅಲ್ಲ. ನಮ್ಮ ಜಿಲ್ಲೆಯದೇ ಆದ ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ರಾತ್ರಿಯಿಡೀ ಸಿದ್ದಪ್ಪಾಜಿ, ಮಂಟೇಸ್ವಾಮಿ ಕಥೆ ಹಾಡೋದನ್ನ ಕೇಳಿದೋರಿಗೆ ಗೊತ್ತು. ಹಾಡೋರು ಉಸಿರು ತಗೊಳ್ಳೋಕೆ, ಎಲೆಅಡಿಕೆ ಹಾಕ್ಕೊಳ್ಳೋಕೆ ನಿಲ್ಲಿಸಿದಾಗಲೂ ತಂಬೂರಿ ಕೆಳಗಡೆ ಗುಂಯ್ ಅಂತ ಇರುತ್ತೆ. ಚಿಕ್ಕವನಿದ್ದಾಗ ಅವ್ವನ ಮಡಿಲಲ್ಲಿ ತೂಕಡಿಸ್ತಾ ನಾನು ಕೇಳಿಸ್ಕೊಂಡಿದ್ದು ಕಥೆಗಿಂತ ಹೆಚ್ಚಾಗಿ ಆ ದನಿಯನ್ನ.

ಇನ್ನು ಯಾವಾಗ ಕಲಿತೆ ಅನ್ನೋದು. ಕಲಿತಿಲ್ಲ, ಕಲೀತಾ ಇದ್ದೀನಿ. ಐದು ವರ್ಷ ಆಯ್ತು. ನಮ್ಮ ಹಾಡಿನ ತಂಡಕ್ಕೆ ಕೀಬೋರ್ಡ್ ನುಡಿಸೋಕೆ ಬರ್ತಿದ್ದ ಹುಡುಗ ವಯನಾಡಿನ ಸುಲ್ತಾನ್ ಬತ್ತೇರಿ ಕಡೆಯೋನು. ಅವರ ಚರ್ಚಿನಲ್ಲಿ ಹೊಸದು ತಗೊಂಡ್ರು ಅಂತ ಹಳೇದನ್ನ ಏಳೂವರೆ ಸಾವಿರಕ್ಕೆ ಕೊಡಿಸಿದ. ನನಗಾಗ ನಲವತ್ತರ ಹತ್ತಿರ. ಅದನ್ನ ಕರಿ ಚೀಲದಲ್ಲಿ ಬೆನ್ನಿಗೆ ಹಾಕ್ಕೊಂಡು ಬಂಡೀಪುರ ಕಾಡಿನ ರಸ್ತೇಲಿ ಬೈಕಲ್ಲಿ ಬರ್ತಿದ್ರೆ ಚೆಕ್‌ಪೋಸ್ಟಲ್ಲಿ ಕೈ ಅಡ್ಡ ಹಾಕಿದ್ರು. "ಏನ್ರಿ ಅದು, ಕೋವಿನಾ?" ಚೀಲ ಬಿಚ್ಚಿ ತೋರಿಸಿದೆ. "ಹಂಗಾದ್ರೆ ಒಂದ್ ಹಾಡು ಹೊಡೀರಿ" ಅಂದ್ರು. ಬೇಸ್ ಗಿಟಾರಿಗೆ ಕರೆಂಟಿಲ್ಲದಿದ್ರೆ ದನಿಯೇ ಇಲ್ಲ. ಟಿಂವ್ ಟಿಂವ್ ಅಂತು. "ಕೆಟ್ಟೋಗದೆ, ವಾಪಸ್ ಕೊಟ್ಬುಡಿ" ಅಂತ ಬುದ್ಧಿ ಹೇಳಿ ಕಳಿಸಿದ್ರು.

ಆ ಹುಡುಗನ ಕಥೆ ಇನ್ನೊಂದು. 2009ರಿಂದ ಆ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ನಮ್ಮ ಕಾರ್ಯಕ್ರಮ ಯಾವತ್ತು ಟೈಮಿಗೆ ಮುಗಿದಿದೆ? ಅಧ್ಯಕ್ಷರ ಭಾಷಣ ಮುಗಿಯೋ ಹೊತ್ತಿಗೆ ಗೇಟು ಬಿದ್ದಿರುತ್ತೆ. ಹಂಗಾಗಿ ಅವನು ನಮ್ಮನೇಲೇ ಮಲಗ್ತಾನೆ. ಮೊದಲ ದಿನ ಹಿಟ್ಟನ್ನ ಚಪ್ಪರಿಸಿ ಅಗಿದು ಅಗಿದು ಅರ್ಧ ಗಂಟೆ ಉಂಡ. ಅವ್ವ ನಕ್ಕೂ ನಕ್ಕೂ ಸಾಕಾಗಿ, "ನುಂಗು ಮಗ, ಅದು ಎಲಡಿಕ ಅಲ್ಲ" ಅಂದ್ಲು.

ಅವ್ವ ನನ್ನ ವಿಷಯದಲ್ಲಿ ಅಷ್ಟು ನಕ್ಕಿಲ್ಲ. ಈ ತಂತಿ ಒಂದು ಸೆಟ್ಟಿಗೆ ಸಾವಿರದೈನೂರರ ಮೇಲಾಗುತ್ತೆ, ಚಾಮರಾಜನಗರದಲ್ಲಿ ನನಗೆ ಸಿಕ್ಕಿಲ್ಲ, ಮೈಸೂರಿಗೆ ಹೋಗ್ಬೇಕು. ಬೆವರು, ಕೊಳೆ ಸೇರಿ ದನಿ ಸತ್ತ ತಂತಿಯನ್ನ ಹತ್ತು ನಿಮಿಷ ನೀರಲ್ಲಿ ಕುದಿಸಿ ಒರೆಸಿದ್ರೆ ಸ್ವಲ್ಪ ದಿನ ಬದುಕುತ್ತೆ ಅಂತ ಯೂಟ್ಯೂಬಲ್ಲಿ ನೋಡಿದೆ. ನಿಜವಾಗಲೂ ಬದುಕುತ್ತೆ. ಆದ್ರೆ ನಾನು ಕುದಿಸಿದ್ದು ಹಿಟ್ಟು ತಿರುವೋ ಪಾತ್ರೇಲಿ. "ಉಣ್ಣ ಪಾತ್ರೇಲಿ ಕಬ್ಬುಣ ಬೇಯುಸ್ತಿದ್ದಯಲ್ಲೋ, ನಿನ್ ಬಾಯ್ಗ ಮಣ್ಣಾಕ!" ಇಡೀ ಬೀದಿಗೆ ಕೇಳಿಸ್ತು. ಈಗ ನನಗೇ ಅಂತ ಒಂದು ಸೊಟ್ಟ ಪಾತ್ರೆ ಬೇರೆ ಇಟ್ಟಿದ್ದಾಳೆ.

ಅಮೆರಿಕದಲ್ಲಿ ಜೇಮ್ಸ್ ಜೇಮರ್ಸನ್ ಅಂತ ಒಬ್ಬ ಕಪ್ಪು ಬೇಸ್ ವಾದಕ ಇದ್ದ. ತಂತಿ ಕಿತ್ತೋಗೋವರೆಗೂ ಬದಲಾಯಿಸ್ತಿರಲಿಲ್ಲವಂತೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಎಷ್ಟೋ ಹಿಟ್ ಹಾಡುಗಳ ಪಾಯ ಅವನದೇ. ಆದ್ರೆ ಅಲ್ಲಿನ ರೆಕಾರ್ಡಿನ ಮೇಲೆ ಅವನ ಹೆಸರು ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಆಲ್ಬಮ್ಮಿನಲ್ಲಿ. ಅಲ್ಲೀತನಕ ಇಡೀ ದೇಶ ಅವನ ಬೆರಳಿಗೆ ಕುಣೀತಾ ಇತ್ತು, ಯಾರ ಬೆರಳು ಅಂತ ಗೊತ್ತಿರಲಿಲ್ಲ. ಇದು ನಮ್ಮೋರಿಗೆ ಬಿಡಿಸಿ ಹೇಳಬೇಕಾದ ಕಥೆ ಅಲ್ಲ.

ನನ್ನ ಬೆರಳಿಗೆ ಕುಣಿದೋರು ಯಾರೂ ಇಲ್ಲ ಬಿಡಿ. ಒಂದು ಹಳ್ಳೀಲಿ ಅಂಬೇಡ್ಕರ್ ಜಯಂತಿ. ಮೈಕ್‌ಸೆಟ್ಟಿನೋರು ಮರಕ್ಕೆ ಎರಡು ಹಾರ್ನ್ ಕಟ್ಟಿದ್ರು. ಆ ತುತ್ತೂರಿ ಮೈಕಿನಲ್ಲಿ ಭಾಷಣ ಎರಡು ಮೈಲಿ ಕೇಳುತ್ತೆ, ಕೆಳಗಿನ ದನಿ ಮಾತ್ರ ಹೊರಗೇ ಬರಲ್ಲ. ಮೂರು ಹಾಡು ಕಣ್ಮುಚ್ಚಿ ನುಡಿಸಿದೆ. ಮುಗಿದ ಮೇಲೆ ನೋಡಿದ್ರೆ ನನ್ನ ವೈರೇ ಚುಚ್ಚಿರಲಿಲ್ಲ. ಯಾರಿಗೂ ಗೊತ್ತಾಗಿಲ್ಲ, ನನಗೂ! ಇನ್ನೊಂದು ಕಡೆ ಕಂಬದಿಂದ ನೇರ ಎಳೆದ ಕರೆಂಟು, ಅರ್ಥಿಂಗ್ ಇಲ್ಲ. ತಂತಿ ಮೇಲೆ ಕೈ ಇಟ್ಟು, ಪಲ್ಲವಿ ಹೇಳೋಕೆ ಮೈಕಿಗೆ ತುಟಿ ತಾಗಿಸಿದೆ. ಫಟ್! "ಭೀಮ" ಅನ್ನೋದು "ಭೀ" ಅಂತ ಅಲ್ಲೇ ನಿಂತೋಯ್ತು. ತಮಟೆ ಹುಡುಗ ಮಾತ್ರ ಬಿಡದೆ ಬಾರಿಸ್ತಾ ಇದ್ದ. ನಾನು ಕುಣೀತಿದ್ದೀನಿ ಅಂದ್ಕೊಂಡನಂತೆ.

ಖುಷಿಯೂ ಇದೆ. ಮೊನ್ನೆ ಗುಂಡ್ಲುಪೇಟೇಲಿ ಮೊದಲ ಸಲ ದೊಡ್ಡ ಡಬ್ಬ ಸ್ಪೀಕರ್ ಸಿಕ್ಕಿತ್ತು. ಎರಡನೇ ಹಾಡಲ್ಲಿ ತಮಟೆಯ ದಪ್ಪ ಏಟೂ ನನ್ನ ದಪ್ಪ ತಂತಿಯೂ ಒಂದೇ ಕ್ಷಣಕ್ಕೆ ಬಿದ್ವು. ಮುಂದಿನ ಏಟೂ ಬಿತ್ತು, ಅದರ ಮುಂದಿನದೂ. ಎದುರು ಅಂಗಡಿ ಶಟರ್ ಗದಗದ ಅಂತು. ಹಾಡೋ ತಂಗಿ ತಿರುಗಿ ನೋಡಿ ನಕ್ಕಳು. ಮೂರು ನಿಮಿಷ. ಕೆಳಗಿಳಿದಾಗ ಒಬ್ಬ ಅಜ್ಜಿ ಎದೆ ಮುಟ್ಕೊಂಡು "ಇಲ್ಲಿ ನಡುಗ್ತು ಕನ ಮಗ" ಅಂದ್ರು. ಮೂರನೇ ಹಾಡಲ್ಲಿ ನಾನು ತಪ್ಪಿದೆ, ಎಂದಿನ ಹಾಗೆ.

ಈ ತಪ್ಪೋದರ ಬಗ್ಗೇನೇ ನಾನು ಹೇಳ್ಬೇಕಿರೋದು.

ಪ್ರಗತಿಪರರೇ ಆದ ಸ್ನೇಹಿತರೊಬ್ಬರು, ನಮ್ಮೋರಲ್ಲ, ಪ್ರೀತಿಯಿಂದಲೇ ಅಂದ್ರು: "ನಿಮಗೇನು ಬಿಡಿ, ತಾಳ ಅನ್ನೋದು ನಿಮ್ಮೋರ ರಕ್ತದಲ್ಲೇ ಇರುತ್ತೆ." ಸ್ವಾಮಿ, ನನ್ನ ರಕ್ತದಲ್ಲಿ ಇರೋದು ಸಕ್ಕರೆ. ಲ್ಯಾಬಿನೋರು ಚೀಟಿ ಕೊಟ್ಟಿದ್ದಾರೆ. ತಾಳ ಇದ್ದಿದ್ರೆ ಐದು ವರ್ಷದಿಂದ ಮೂರನೇ ಹಾಡಲ್ಲಿ ತಪ್ತಿದ್ನಾ?

ರಕ್ತದ ವಿಷಯ ನನಗೆ ಬಿಡಿಸಿ ಹೇಳಿದ್ದು ನಮ್ಮಪ್ಪ. ಅಪ್ಪ ಊರಿನ ತಮಟೆ ಬಾರಿಸ್ತಿದ್ದೋನು. ಹಬ್ಬಕ್ಕೆ, ಕೊಂಡಕ್ಕೆ, ಹೆಣಕ್ಕೆ, ಊರಲ್ಲಿ ಸಾರೋದಕ್ಕೆ. ಕೂಲಿ ಅಂತ ಇರಲಿಲ್ಲ, ಕೊಟ್ಟಷ್ಟು ರಾಗಿ, ದೂರದಲ್ಲಿ ಕೂರಿಸಿ ಊಟ. ಎಂಬತ್ತರ ದಶಕದಲ್ಲಿ ಕೇರಿಗೆ ದಲಿತ ಸಂಘರ್ಷ ಸಮಿತಿ ಬೋರ್ಡು ಬಂದ ಮೇಲೆ ಅಪ್ಪನ ಓರಗೆಯೋರೆಲ್ಲ ಸೇರಿ ಇನ್ನು ಬಾರಿಸಲ್ಲ ಅಂದ್ರು. ಕೂಲಿ ನಿಂತೋಯ್ತು, ಅಂಗಡೀಲಿ ಉಪ್ಪೂ ಕೊಡಲಿಲ್ಲ. ತಮಟೆ ಅಟ್ಟ ಸೇರ್ತು. ಆಮೇಲೆ ನಾವೇ ಚಳವಳಿ ಹುಡುಗರು ಮೆರವಣಿಗೆಗೆ ಅದನ್ನ ಇಳಿಸ್ಕೊಡು ಅಂತ ಹೋದ್ವಿ. "ಬ್ಯಾಡ ಅಂದೋರೂ ನೀವೆ, ಬಡೀರಿ ಅನ್ನೋರೂ ನೀವೆ" ಅಂತ ಬೈದ. ಇಳಿಸಿಕೊಟ್ಟ, ತಾನು ಮುಟ್ಟಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಾಗ ಟಿವಿ ಮುಂದೆ ಕೂತು, "ಒಳ್ಳೇದಾಯ್ತು" ಅಂತ ಒಂದೇ ಮಾತು ಅಂದ.

ನಾನು ಬೇಸ್ ತಂದ ಹೊಸದರಲ್ಲಿ ಜಗಲಿ ಮೇಲೆ ಕೂತು ಒಂದೇ ಪಾಠವನ್ನ ನೂರು ಸಲ ತಿಕ್ಕುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತ.

"ಯಾರ ಸಾವ್ಗ ಬಾರ್ಸದು ಇದ?"

"ಯಾರ ಸಾವಿಗೂ ಅಲ್ಲಪ್ಪ, ಸುಮ್ನೆ."

"ಸುಮ್ನಾ? ಯಾರೂ ಕರ್ದಿಲ್ವಾ?"

"ಇಲ್ಲ."

"ದುಡ್ಡೂ ಕೊಡಕಿಲ್ವಾ?"

"ನಾನೇ ಕೈಯಿಂದ ಹಾಕ್ತೀನಿ."

ಸ್ವಲ್ಪ ಹೊತ್ತು ಸುಮ್ನಿದ್ದು, "ತಪ್ಪಾದ್ರ?" ಅಂದ.

"ತಪ್ಪಾದ್ರೆ ಹುಡುಗ್ರು ನಗ್ತಾರೆ."

"ಅಷ್ಟೆಯಾ?"

ಆಮೇಲೆ ಹೇಳಿದ. ಹನ್ನೆರಡು ವರ್ಷದೋನಿದ್ದಾಗ ಕೊಂಡದ ರಾತ್ರಿ. ಎರಡು ದಿನದಿಂದ ನಿದ್ದೆ ಇಲ್ಲ. ಬಾರಿಸ್ತಾ ಬಾರಿಸ್ತಾ ತೂಕಡಿಕೆ ಬಂದು ಒಂದು ಏಟು ತಪ್ತಂತೆ. ಮುಂದೆ ಕುಣೀತಿದ್ದ ದೊಡ್ಡೋರೊಬ್ರು ತಿರುಗಿ ಬಾರುಕೋಲು ತಗೊಂಡು ಬೆನ್ನಿಗೆ ಬಿಟ್ರಂತೆ. "ಅಮ್ಯಾಲ ತಪ್ನಿಲ್ಲ" ಅಂದ.

ಅಷ್ಟೇ ಅಂದದ್ದು. ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದ.

ನಮ್ಮಪ್ಪನಿಗೆ ತಾಳ ರಕ್ತದಿಂದ ಬರಲಿಲ್ಲ ಬಂಧುಗಳೇ, ಬೆನ್ನಿನಿಂದ ಬಂತು. ಹಬ್ಬದ ದಿನ ಜನ ಹೊಗಳ್ತಿದ್ದ ಆ ಕೈಗೆ ತಪ್ಪೋ ಹಕ್ಕೇ ಇರಲಿಲ್ಲ. ಕನ್ನಡದಲ್ಲಿ ಹವ್ಯಾಸಿ ಅಂತ ಒಂದು ಪದ ಇದೆ. ಹವ್ಯಾಸಿ ನಟ, ಹವ್ಯಾಸಿ ಗಾಯಕ, ಹವ್ಯಾಸಿ ತಂಡ. ಇಷ್ಟ ಬಂದಾಗ ಮಾಡೋನು, ಬೇಡ ಅಂದಾಗ ಬಿಡೋನು, ಕೆಟ್ಟದಾಗಿ ಮಾಡಿದ್ರೂ ಮನೆಗೆ ಹೋಗಿ ಉಂಡು ಮಲಗೋನು. ನಮ್ಮ ಕೇರಿಯ ವಾದ್ಯಗಾರರಲ್ಲಿ ನಮ್ಮ ಕಾಲದ ತನಕ ಒಬ್ಬ ಹವ್ಯಾಸಿ ಇದ್ದದ್ದು ನಾನು ಕೇಳಿಲ್ಲ. ಇದ್ದೋರೆಲ್ಲ ಬಿಟ್ಟಿ ಚಾಕರಿಯೋರು. ಆಮೇಲೆ ಬಂದ ನಮ್ಮಂಥೋರು ಹಾಡಿದ್ದು ಹೋರಾಟಕ್ಕೆ. ಅದು ಬೇಕಿತ್ತು, ಈಗಲೂ ಬೇಕು. ಸಿದ್ದಲಿಂಗಯ್ಯನವರ ಹಾಡುಗಳಿಲ್ಲದೆ ನಾನು ಈ ದಾರಿಗೇ ಬರ್ತಿರಲಿಲ್ಲ. ಚೆನ್ನೈನ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಪರೈ, ಗಾನಾ, ರಾಕ್, ರ‍್ಯಾಪ್ ಎಲ್ಲ ಒಂದೇ ವೇದಿಕೆಗೆ ತಂದಾಗ ಮೊಬೈಲಲ್ಲಿ ನೋಡಿ ಮೈ ಜುಂ ಅಂದಿತ್ತು. ಆದ್ರೆ ಚಾಕರಿಗೂ ಅಲ್ಲದೆ, ಹೋರಾಟಕ್ಕೂ ಅಲ್ಲದೆ, ಭಾನುವಾರ ಮಧ್ಯಾಹ್ನ ಜಗಲಿ ಮೇಲೆ ಸುಮ್ನೆ ಕೂತು ತಪ್ಪು ತಪ್ಪಾಗಿ ನುಡಿಸೋದು? ಅದು ನಮಗೆ ಯಾವಾಗ ಸಿಕ್ಕಿತ್ತು?

ಈಗ ಹಿರಿಯ ಸಂಗಾತಿಗೆ ಉತ್ತರ. ಅಣ್ಣ, ಸಂವಿಧಾನ ಬರೆದ ಬಾಬಾಸಾಹೇಬರು ತಮ್ಮ ಕೊನೆಯ ವರ್ಷಗಳಲ್ಲಿ ಪಿಟೀಲು ಕಲಿಯೋಕೆ ಕೂತರು. ಮೈಯಲ್ಲಿ ಸಕ್ಕರೆ ಕಾಯಿಲೆ, ಮೇಜಿನ ಮೇಲೆ ಬುದ್ಧನ ಬಗೆಗಿನ ದೊಡ್ಡ ಗ್ರಂಥ, ಎದುರಿಗೆ ಇಡೀ ಸಮುದಾಯದ ಧಮ್ಮದ ಪ್ರಶ್ನೆ. ಅದರ ನಡುವೆ ಪಿಟೀಲು. ಅವರ ಪಿಟೀಲು ಇವತ್ತೂ ಪುಣೆಯ ಸಿಂಬಯೋಸಿಸ್ ಸಂಸ್ಥೆಯ ಅಂಬೇಡ್ಕರ್ ವಸ್ತುಸಂಗ್ರಹಾಲಯದಲ್ಲಿದೆ. ಅವರು ಎಷ್ಟು ಚೆನ್ನಾಗಿ ನುಡಿಸ್ತಿದ್ರು ಅಂತ ನಾನು ಹುಡುಕೋಕೆ ಹೋಗಿಲ್ಲ. ಅಷ್ಟು ಓದಿದ ಮನುಷ್ಯ ಇಳಿವಯಸ್ಸಲ್ಲಿ ಮೊದಲನೇ ಪಾಠಕ್ಕೆ ಕೂತರಲ್ಲ, ತಪ್ಪು ಮಾಡೋಕೆ ಒಪ್ಪಿಕೊಂಡರಲ್ಲ, ನನಗೆ ಅದು ಸಾಕು. ಎಲ್ಲ ಕುತ್ತೂ ಕಳೆದ ಮೇಲೆ ನುಡಿಸ್ತೀನಿ ಅಂತ ಕೂತಿದ್ರೆ ಅವರೂ ನುಡಿಸ್ತಿರಲಿಲ್ಲ.

ಸೋಮವಾರ ತಹಶೀಲ್ದಾರ್ ಕಚೇರಿ ಮುಂದೆ ಧರಣಿ ಇದೆ, ಬರ್ತೀನಿ. ಬೇಸ್ ತರಲ್ಲ, ಅರ್ಜಿ ತರ್ತೀನಿ.

ಕೊನೆಯದಾಗಿ ಒಂದು ವಿನಂತಿ. ಯಾರ ಮನೇಲಾದ್ರೂ ಉಪಯೋಗಿಸದ ಕೀಬೋರ್ಡ್, ಗಿಟಾರ್, ಹಾರ್ಮೋನಿಯಂ, ವೈರು, ಸಣ್ಣ ಸ್ಪೀಕರ್ ಇದ್ರೆ ತಿಳಿಸಿ. ನಾನೇ ಬಂದು ತಗೊಂಡು ಹೋಗ್ತೀನಿ. ಕೇರಿ ಮಕ್ಕಳಿಗೆ ಭಾನುವಾರ ನಮ್ಮ ಜಗಲಿ ಮೇಲೆ ಇಟ್ಟಿರ್ತೀವಿ. ಈಗಾಗಲೇ ನಾಲ್ಕು ಹೆಣ್ಣುಮಕ್ಕಳು ಬರ್ತಿದ್ದಾರೆ. ಸ್ಪರ್ಧೆ ಇಲ್ಲ, ಸರ್ಟಿಫಿಕೇಟ್ ಇಲ್ಲ, ಚೆನ್ನಾಗೇ ನುಡಿಸಬೇಕು ಅನ್ನೋ ಕಂಡಿಷನ್ನೂ ಇಲ್ಲ.

ಅಪ್ಪ ಅಲ್ಲೇ ಪಕ್ಕದಲ್ಲಿ ಕೂತಿರ್ತಾನೆ. ಮಕ್ಕಳು ತಪ್ಪಿದಾಗ ಈಗೀಗ ಅವನೂ ನಗ್ತಾನೆ.

ಜೈಭೀಮ್.