ಅನುಪಾತದ ಸುಖ

ವಾಹನವೆಂಬುದು ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವುದಕ್ಕೆ ಮಾತ್ರ ನಿರ್ಮಿತವಾದುದೆಂದು ತಿಳಿದು, ಅದರ ಬಾನೆಟ್ಟನ್ನು ವರ್ಷಕ್ಕೊಮ್ಮೆಯೂ ಎತ್ತದೆ, ಕೀಲಿ ತಿರುಗಿಸಿದೊಡನೆ ಹೊರಟುಬಿಡುವ ಸುಖಿಗಳೇ ಲೋಕದಲ್ಲಿ ಅಧಿಕ. ಅವರ ವಿಷಯದಲ್ಲಿ ನನಗೆ ಅಸೂಯೆಯಾಗಲಿ ಅನಾದರವಾಗಲಿ ಇಲ್ಲ. ಆದರೆ ಓಡುವ ಕಾರಿನಲ್ಲಿ ಕುಳಿತಾಗ ಸಿಗುವುದಕ್ಕಿಂತ ಹೆಚ್ಚಿನ ಆನಂದವನ್ನು ನಿಂತ ಕಾರಿನ ಮೇಲೆ ಬಾಗಿ, ಮೊಣಕೈವರೆಗೆ ಮಸಿ ಹತ್ತಿಸಿಕೊಂಡು ಪಡೆಯುವ ಒಂದು ಪಂಗಡವೂ ಉಂಟು. ಆ ಪಂಗಡದವರಿಗೆ ರವಿವಾರವೆಂಬುದು ವಿಶ್ರಾಂತಿಯ ದಿನವಲ್ಲ, ಸ್ಪ್ಯಾನರಿನ ದಿನ. ನಾನು ಆ ಪಂಗಡಕ್ಕೆ ಸೇರಿದವನು.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ವಾಸವಾಗಿರುವ ನನ್ನ ಬಳಿ ಇರುವುದು 1972ರ ಒಂದು ಡಾಟ್ಸನ್ 240ಜೆಡ್. ನೀಳವಾದ ಮೂತಿ, ಗಿಡ್ಡವಾದ ಹಿಂಬದಿ, ಎರಡೇ ಆಸನ, ಆ ಮೂತಿಯೊಳಗೆ ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರುಗಳ 2393 ಸಿ.ಸಿ. ಎಂಜಿನ್ನು. ಯೂರೋಪಿನ ಸ್ಪೋರ್ಟ್ಸ್ ಕಾರುಗಳು ಶ್ರೀಮಂತರ ಸೊತ್ತಾಗಿದ್ದ ದಿನಗಳಲ್ಲಿ ಸಾಧಾರಣ ಸಂಬಳದವನ ಕೈಗೂ ಎಟುಕುವಂತೆ ಜಪಾನಿನಿಂದ ಬಂದ ಈ ಕಾರು ಕೇವಲ ಚೆಲುವಿನ ಗೊಂಬೆಯಾಗಿರಲಿಲ್ಲ. ಆಫ್ರಿಕದ ಕೆಸರು ಧೂಳುಗಳ ಸಫಾರಿ ರ‍್ಯಾಲಿಯನ್ನು 1971ರಲ್ಲಿ ಒಮ್ಮೆ ಗೆದ್ದು, 1973ರಲ್ಲಿ ಮತ್ತೆ ಗೆದ್ದಾಗ ಅದರ ಚುಕ್ಕಾಣಿ ಹಿಡಿದಿದ್ದವರು ಉಗಾಂಡದ ಭಾರತೀಯ ಮೂಲದ ಶೇಖರ್ ಮೆಹ್ತಾ ಎಂಬುದನ್ನು ಸ್ಮರಿಸಿಕೊಂಡಾಗ, ಈ ಪರದೇಶದ ಯಂತ್ರದೊಡನೆ ನನಗೆ ದೂರದ ಯಾವುದೋ ನಂಟು ಇದ್ದಂತೆಯೇ ತೋರುವುದು.

ಈ ಎಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಉಣಿಸುತ್ತಿದ್ದವು, ಇಂಗ್ಲೆಂಡಿನ ಎಸ್.ಯು. ಕಾರ್ಬ್ಯುರೇಟರಿನ ತತ್ತ್ವವನ್ನು ಅನುಸರಿಸಿ ಹಿಟಾಚಿಯವರು ತಯಾರಿಸಿದ ಎರಡು ಕಾರ್ಬ್ಯುರೇಟರುಗಳು. ಅವುಗಳ ನಿಂದೆ ನನ್ನಿಂದಾಗದು. ಗುಮ್ಮಟದಂಥ ಮುಚ್ಚಳದೊಳಗೆ ಒಂದು ಪಿಸ್ಟನ್. ಎಂಜಿನ್ನು ಹೆಚ್ಚು ಗಾಳಿಯನ್ನು ಹೀರಿದರೆ ಅದು ಮೇಲೇಳುವುದು, ಕಡಿಮೆ ಹೀರಿದರೆ ಇಳಿಯುವುದು. ಅದರ ಅಡಿಯಲ್ಲಿ ತುದಿಯತ್ತ ಸಣ್ಣಗಾಗುತ್ತ ಹೋಗುವ ಒಂದು ಸೂಜಿ, ಎದ್ದಷ್ಟೂ ರಂಧ್ರವನ್ನು ತೆರವು ಮಾಡಿ ಪೆಟ್ರೋಲನ್ನು ಹೆಚ್ಚಾಗಿ ಬಿಡುವುದು. ನೆತ್ತಿಯ ಮೇಲಿನ ಕೊಳವೆಯಲ್ಲಿ ತುಂಬಿದ ತುಸು ಎಣ್ಣೆ, ಆಕ್ಸಿಲರೇಟರನ್ನು ಥಟ್ಟನೆ ಒತ್ತಿದಾಗ ಪಿಸ್ಟನ್ನಿನ ಆತುರವನ್ನು ತಡೆದು, ಪಿಕಪ್ಪಿಗೆ ಬೇಕಾದ ಹೆಚ್ಚಿನ ಇಂಧನವನ್ನು ಕ್ಷಣಕಾಲ ಒದಗಿಸುವುದು. ವಿದ್ಯುತ್ತಿಲ್ಲ, ಗಣಿತವಿಲ್ಲ, ಸಮಸ್ತ ವಿವೇಕವೂ ಆ ಸೂಜಿಯ ಇಳಿಜಾರಿನಲ್ಲಿ ಅಡಗಿದೆ. ನಮ್ಮ ತಾರ್ಕಿಕರ ಪರಿಭಾಷೆಯಲ್ಲಿ ಹೇಳುವುದಾದರೆ ಆ ಸೂಜಿ ಒಂದು ಆಪ್ತವಾಕ್ಯ: ಬಲ್ಲವರು ಎಂದೋ ಅರಿತು ಅರೆದು ರೂಪಿಸಿದ್ದನ್ನು ನಾವು ನಂಬಿ ನಡೆಯತಕ್ಕದ್ದು, ಅಷ್ಟೆ.

ಆಪ್ತವಾಕ್ಯಕ್ಕೂ ದೇಶಕಾಲಗಳ ಮಿತಿಯುಂಟು. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ನಾಳಗಳೂ ಹೊಗೆ ಹೊರಬರುವ ನಾಳಗಳೂ ಒಂದೇ ಪಕ್ಕದಲ್ಲಿ, ಒಂದರ ಕೆಳಗೊಂದು ಇರುವುದರಿಂದ, ಬೇಸಗೆಯ ಮಧ್ಯಾಹ್ನ ದೂರದಿಂದ ಬಂದು ಹತ್ತು ನಿಮಿಷ ನಿಲ್ಲಿಸಿದರೆ ಕೆಳಗಣ ಕಾವು ಏರಿ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿಯ ಪೆಟ್ರೋಲು ಕುದಿಯತೊಡಗುವುದು. ಆಮೇಲೆ ಎಷ್ಟು ಸ್ಟಾರ್ಟರ್ ಹೊಡೆದರೂ ಎಂಜಿನ್ನು ಕೆಮ್ಮುವುದೇ ಹೊರತು ಏಳದು. ಇಂಜೆಕ್ಷನ್ನಿನಲ್ಲಾದರೋ ಪೆಟ್ರೋಲು ವಾಯುಮಂಡಲದ ಮೂರು ಪಟ್ಟಿನಷ್ಟು ಹೆಚ್ಚಿನ ಒತ್ತಡದಲ್ಲಿ ಹರಿದು, ಮಿಕ್ಕದ್ದು ಟ್ಯಾಂಕಿಗೆ ಮರಳುತ್ತಲೇ ಇರುವುದರಿಂದ ಸುಲಭವಾಗಿ ಕುದಿಯುವುದಿಲ್ಲ. ಕಾರ್ಬ್ಯುರೇಟರುಗಳನ್ನು ಕಳಚಿ ಇಂಜೆಕ್ಷನ್ನನ್ನು ಅಳವಡಿಸಿಕೊಂಡದ್ದಕ್ಕೆ ನಾನು ಜನರೆದುರು ಕೊಡುವ ಕಾರಣ ಇದು. ಮನಸ್ಸಿನೊಳಗಿನ ಕಾರಣವೆಂದರೆ, ಆ ಸೂಜಿಗೆ ಗೊತ್ತಿದ್ದುದು ನನಗೂ ಗೊತ್ತಾಗಬೇಕೆಂಬ ಹಟ.

“ಅಲ್ಲ ಸಾರ್, ಓಡ್ತಾ ಇದ್ದ ಕಾರನ್ನ ಬಿಚ್ಚಿ ಹರವಿಕೊಂಡು ಕೂತಿದ್ದೀರಲ್ಲ, ಇದರಿಂದ ಮೈಲೇಜು ಎಷ್ಟು ಹೆಚ್ಚುತ್ತೆ?” ಎಂದು ನಮ್ಮ ಕನ್ನಡ ಕೂಟದ ಮಿತ್ರರೊಬ್ಬರು ಕೇಳಿದರು. “ಹೆಚ್ಚೇನಿಲ್ಲ” ಎಂದೆ. “ಹಾಗಾದರೆ ಸ್ಪೀಡು?” “ಅದೂ ಸ್ವಲ್ಪವೇ.” ಅವರು ನನ್ನ ಶ್ರೀಮತಿಯ ಕಡೆ ಅನುಕಂಪದಿಂದ ನೋಡಿದರು. ಪುರಾತನ ವಸ್ತುವನ್ನು ಕೆಡಿಸಿದೆನೆಂದು ಆಕ್ಷೇಪಿಸುವವರೂ ಇದ್ದಾರೆ. ಅವರಿಗೆ ನನ್ನ ಉತ್ತರ, ಡಾಟ್ಸನ್ನಿನವರೇ 1975ರ 280ಜೆಡ್‌ನಲ್ಲಿ ಕಾರ್ಬ್ಯುರೇಟರನ್ನು ತ್ಯಜಿಸಿ ಬಾಷ್ ಪದ್ಧತಿಯ ಇಂಜೆಕ್ಷನ್ನನ್ನು ಅಳವಡಿಸಿದರೆಂಬುದು. ಬಾಷ್ ಎಂಬ ಹೆಸರಾದರೂ ಬೆಂಗಳೂರಿನವನಿಗೆ ಹೊರಗಿನದಲ್ಲ: 1951ರಲ್ಲಿ ಆ ಜರ್ಮನ್ ಸಂಸ್ಥೆಯ ಸಹಯೋಗದಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸಿದ ಮೈಕೋ ಕಾರ್ಖಾನೆಯಿಂದಾಗಿ, ಇಂಜೆಕ್ಷನ್ನೆಂದರೆ ಆಸ್ಪತ್ರೆಯಲ್ಲಿ ಚುಚ್ಚುವುದು ಮಾತ್ರವಲ್ಲವೆಂದು ನಮ್ಮೂರಿನ ಹುಡುಗರಿಗೆ ಬಹಳ ಬೇಗ ತಿಳಿಯುತ್ತಿತ್ತು.

ಕೆಲಸದ ವಿವರಕ್ಕೆ ಬರುವೆನು. ಎರಡು ಕಾರ್ಬ್ಯುರೇಟರುಗಳ ಸ್ಥಾನದಲ್ಲಿ ಜೋಡಿ ಬಾಯಿಯ ಮೂರು ಥ್ರಾಟಲ್ ಬಾಡಿಗಳು ಬಂದುವು. ಎಂದರೆ ಆರು ಸಿಲಿಂಡರುಗಳಿಗೆ ಆರು ಪ್ರತ್ಯೇಕ ದ್ವಾರಗಳು, ಪ್ರತಿಯೊಂದರ ಮುಂದೆ ಹೂವಿನಂತೆ ಅರಳಿದ ಅಲ್ಯೂಮಿನಿಯಂ ತುತ್ತೂರಿ. ಈ ತುತ್ತೂರಿ ಬರಿಯ ಅಲಂಕಾರವಲ್ಲ. ಕವಾಟ ತೆರೆದಾಗ ನಾಳದಲ್ಲಿ ಹುಟ್ಟುವ ಒತ್ತಡದ ಅಲೆ ಬಾಯಿಯವರೆಗೆ ಓಡಿ, ಅಲ್ಲಿಂದ ಪ್ರತಿಫಲಿಸಿ, ಕವಾಟ ಮುಚ್ಚುವ ಮುನ್ನ ಹಿಂದಿರುಗಿದರೆ ಇನ್ನಷ್ಟು ಗಾಳಿಯನ್ನು ಒಳಕ್ಕೆ ನೂಕುವುದು. ಉದ್ದವಾದ ನಾಳ ನಿಧಾನದ ವೇಗಕ್ಕೆ ಒದಗಿದರೆ ಗಿಡ್ಡವಾದದ್ದು ಹೆಚ್ಚಿನ ವೇಗಕ್ಕೆ ಒದಗುವುದು. ಇನ್ನು ಹಳೆಯ ಟ್ಯಾಂಕು. ತಿರುವಿನಲ್ಲಿ ಪೆಟ್ರೋಲು ಒಂದು ಪಕ್ಕಕ್ಕೆ ಸರಿದು ಪಂಪು ಕ್ಷಣಕಾಲ ಬರಿಯ ಗಾಳಿಯನ್ನು ಹೀರಿದರೂ ಕಾರ್ಬ್ಯುರೇಟರಿನ ಬಟ್ಟಲು ಆ ಕೊರತೆಯನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಇಂಜೆಕ್ಟರಿಗೆ ಅಂಥ ಕ್ಷಮಾಗುಣವಿಲ್ಲ. ಆದ್ದರಿಂದ ನಡುವೆ ಸದಾ ತುಂಬಿರುವ ಒಂದು ಪುಟ್ಟ ಪಾತ್ರೆಯನ್ನಿಟ್ಟು, ಅದರಿಂದ ಹೆಚ್ಚಿನ ಒತ್ತಡದ ಪಂಪಿಗೆ ದಾರಿ ಮಾಡಬೇಕಾಯಿತು.

ಆರು ದ್ವಾರಗಳೂ ಸಮನಾಗಿ ತೆರೆದುಕೊಳ್ಳುವಂತೆ ಮಾಡುವುದು ಈ ಕೆಲಸದ ಅತ್ಯಂತ ರಮಣೀಯವಾದ ಭಾಗ. ಎಂಜಿನ್ನು ಐಡ್ಲಿಂಗಿನಲ್ಲಿ ಮೆಲ್ಲಗೆ ತಿರುಗುತ್ತಿರುವಾಗ, ಗಾಳಿಯನ್ನು ಅಳೆಯುವ ಕೈಗಡಿಯಾರದಷ್ಟು ಮುಖವುಳ್ಳ ಉಪಕರಣವನ್ನು ಒಂದೊಂದೇ ತುತ್ತೂರಿಯ ಬಾಯಿಗೆ ಒತ್ತಿ, ಮುಳ್ಳು ನಿಂತ ಅಂಕವನ್ನು ನೋಡಿ, ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಮೂರನೆಯದು ಸರಿಹೋಯಿತೆನ್ನುವಷ್ಟರಲ್ಲಿ ಎಂಜಿನ್ನಿನ ವೇಗ ತುಸು ಬದಲಾಗಿ ಮೊದಲನೆಯದು ತಪ್ಪಿರುವುದು. ತಂಬೂರಿಯ ಒಂದು ತಂತಿಯನ್ನು ಬಿಗಿದರೆ ಮತ್ತೊಂದು ಸಡಿಲಗೊಳ್ಳುವಂತೆಯೇ ಇದು. ಕೊನೆಗೆ ಆರೂ ಒಂದಾದಾಗ, ಅದುವರೆಗೆ ಚಕಚಕನೆ ಆರು ಬಾಯಿಗಳಿಂದ ಕೇಳುತ್ತಿದ್ದ ಹೀರುದನಿ ಒಂದೇ ಗಂಭೀರವಾದ ಝೇಂಕಾರವಾಗಿ ಮಾರ್ಪಡುವುದನ್ನು ಕಿವಿ ಮೊದಲು ಅರಿಯುವುದು. ಮುಳ್ಳು ಅದನ್ನು ಅನಂತರ ಅನುಮೋದಿಸುವುದು.

ಬಳಿಕ ಬರುವುದು ಕೋಷ್ಟಕ. ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೊ ಎಂಬ ಇಬ್ಬರು ಎಂಜಿನಿಯರುಗಳು ಹವ್ಯಾಸಿಗಳಿಗಾಗಿ ರೂಪಿಸಿದ ಮೆಗಾಸ್ಕ್ವರ್ಟ್ ಎಂಬ ನಿಯಂತ್ರಕವನ್ನು ನಾನೇ ಬೆಸುಗೆ ಹಾಕಿ ಜೋಡಿಸಿಕೊಂಡೆನು. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸಿಲಿಂಡರಿನ ನಾಲ್ಕೂ ಹಂತಗಳು ಮುಗಿಯಲು 20 ಮಿಲಿಸೆಕೆಂಡು ಮಾತ್ರ. ಆ ಕ್ಷಣಾರ್ಧದಲ್ಲಿ ಇಂಜೆಕ್ಟರು ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಹೇಳುವುದು ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆಗಳ ಈ ಕೋಷ್ಟಕ. ಒಂದು ದಿಕ್ಕಿನಲ್ಲಿ ಎಂಜಿನ್ನಿನ ವೇಗ, ಇನ್ನೊಂದರಲ್ಲಿ ಥ್ರಾಟಲ್ ತೆರೆದ ಪ್ರಮಾಣ. ಹೊಗೆಯ ಕೊಳವೆಯೊಳಗೆ ಕುಳಿತ ಆಮ್ಲಜನಕದ ಸಂವೇದಕವು ಪ್ರತಿ ಮನೆಯ ಫಲವನ್ನೂ ವರದಿ ಮಾಡುವುದು. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿಯಾದರೆ ದಹನ ಪೂರ್ಣ. ಪೂರ್ತಿ ಬಲ ಬೇಕೆಂದಾಗ 13ಕ್ಕಿಂತ ತುಸು ಕೆಳಗೆ. ಹೀಗೆ ಆಪ್ತವಾಕ್ಯ ಹೋಗಿ ಪ್ರತ್ಯಕ್ಷ ಪ್ರಮಾಣ ಬಂದಿತು. ಒಂದು ಮನೆಯ ಅಂಕಿಯನ್ನು ಎರಡು ಹೆಚ್ಚಿಸಿ, ಅದೇ ಏರಿನಲ್ಲಿ ಅದೇ ಗೇರಿನಲ್ಲಿ ಮತ್ತೆ ಹೋಗಿ, ಎಳೆತದಲ್ಲಿದ್ದ ಸಣ್ಣ ತಡವರಿಕೆ ಮಾಯವಾದುದನ್ನು ಬೆನ್ನಿನಿಂದಲೇ ಅರಿಯುವ ಸುಖ ಅನ್ಯತ್ರ ದುರ್ಲಭ. ಕಾನೂನಿಗೆ ಅಂಜುವ ಗೃಹಸ್ಥನಾದುದರಿಂದ ರಸ್ತೆಯಲ್ಲಿ ಮುಟ್ಟಲಾಗದ ಕೆಲವು ಮನೆಗಳನ್ನು ಮಾತ್ರ ನೆರೆಯ ಮನೆಗಳ ಅಂಕಿಯನ್ನು ನೋಡಿ ಅನುಮಾನ ಪ್ರಮಾಣದಿಂದ ತುಂಬಿದ್ದೇನೆ.

ಪರೀಕ್ಷೆಗೆ ನಾನು ಆರಿಸಿಕೊಂಡುದು ಊರಿನ ಪೂರ್ವಕ್ಕಿರುವ ಮೌಂಟ್ ಹ್ಯಾಮಿಲ್ಟನ್ನಿನ ರಸ್ತೆ. ಶಿಖರದ ಲಿಕ್ ವೀಕ್ಷಣಾಲಯಕ್ಕೆ ಸಾಮಾನು ಸಾಗಿಸಲೆಂದು 1876ರ ವೇಳೆಗೆ ಕಡಿದ ಈ ದಾರಿ, ಕುದುರೆಗಳಿಗೆ ಆಯಾಸವಾಗಬಾರದೆಂಬ ಕರುಣೆಯಿಂದ ಕಡಿದಾದ ಏರನ್ನು ಬಿಟ್ಟು ನೂರಾರು ತಿರುವುಗಳಲ್ಲಿ ಬಳಸಿಕೊಂಡು ಹತ್ತುವುದು. ತುದಿಯ ಎತ್ತರ ಸುಮಾರು 1280 ಮೀಟರು. ಅಲ್ಲಿನ ಗಾಳಿ ಸಮುದ್ರಮಟ್ಟದ್ದಕ್ಕಿಂತ ನೂರಕ್ಕೆ ಹನ್ನೆರಡರಷ್ಟು ತೆಳು. ಗಾಳಿ ತೆಳುವಾದಷ್ಟು ಪೆಟ್ರೋಲನ್ನು ಕಡಿಮೆ ಮಾಡುವುದು ಸೂಜಿಗೆ ತಿಳಿಯದಾದುದರಿಂದ ಹಿಂದೆ ಮೇಲೇರುತ್ತ ಏರುತ್ತ ಮಿಶ್ರಣ ರಿಚ್ಚಾಗಿ, ಎಂಜಿನ್ನು ಉಂಡು ಮಲಗಿದವನಂತೆ ಜಡವಾಗುತ್ತಿತ್ತು. ಈಗ ವಾಯುಭಾರವನ್ನು ಅಳೆಯುವ ಪುಟ್ಟ ಸಂವೇದಕ ಆ ಲೆಕ್ಕವನ್ನು ದಾರಿಯುದ್ದಕ್ಕೂ ಸರಿಪಡಿಸುತ್ತ ಬರುವುದರಿಂದ, ಕೊನೆಯ ತಿರುವಿನಲ್ಲಿಯೂ ಅದು ಮೊದಲ ತಿರುವಿನಷ್ಟೇ ಚುರುಕಾಗಿ ಓಗೊಡುವುದು.

ಇನ್ನುಳಿದಿರುವುದು ಚಳಿಯ ಸ್ಟಾರ್ಟಿನ ಅಧ್ಯಾಯ. ತಣ್ಣಗಿನ ಎಂಜಿನ್ನಿಗೆ ಎಷ್ಟು ಹೆಚ್ಚು ಪೆಟ್ರೋಲು ಬೇಕೆಂಬುದನ್ನು ಪ್ರಯೋಗದಿಂದಲೇ ಕಂಡುಕೊಳ್ಳಬೇಕು. ಒಮ್ಮೆ ಎದ್ದು ಬೆಚ್ಚಗಾಯಿತೆಂದರೆ ಮತ್ತೆ ಪೂರ್ಣವಾಗಿ ತಣಿಯಲು ರಾತ್ರಿಯಿಡೀ ಕಾಯಬೇಕಾದುದರಿಂದ ದಿನಕ್ಕೆ ಒಂದೇ ಅವಕಾಶ. ಆದಕಾರಣ ಚಳಿಗಾಲದಲ್ಲಿ ನಾನು ಬ್ರಾಹ್ಮೀ ಮುಹೂರ್ತದಲ್ಲಿಯೇ ಏಳುವೆನು; ನಮ್ಮ ಮನೆಯ ದೀಪವನ್ನು ಕಂಡ ಪಕ್ಕದ ಮನೆಯವರು ನಾನು ಪೂಜೆಪುನಸ್ಕಾರದ ಮನುಷ್ಯನೆಂದು ಭಾವಿಸಿರುವರು. ಆದರೆ ಈ ಊರಿನ ಚಳಿ ಅಲ್ಪಾಯುಷಿ. ಹತ್ತು ಡಿಗ್ರಿಯ ಅಂಕಿ ಸರಿಹೋಗಿ ಐದು ಡಿಗ್ರಿಯದಕ್ಕೆ ಕೈಹಾಕುವಷ್ಟರಲ್ಲಿ ವಸಂತ ಬಂದುಬಿಡುವುದರಿಂದ, ಆ ಕೆಳಗಿನ ಸಾಲು ಮುಂದಿನ ವರ್ಷಕ್ಕೇ ಉಳಿಯುವುದೆಂದು ತೋರುತ್ತದೆ. ನನಗೇನೂ ಅವಸರವಿಲ್ಲ.